ಒಂಬತ್ತನೇ ಡಬ್ಬಿ

ಟವರಿಲ್ಲ, ಸಿಮ್ಮಿಲ್ಲ, ಮೇಲೊಬ್ಬ ಯಜಮಾನನಿಲ್ಲ.
ಹದಿನಾಲ್ಕು ಡಬ್ಬಿ, ಅಷ್ಟೇ.
ಶಾಂತಿನಗರದ ಬಸ್ ಡಿಪೋ ಹಿಂದಿನಿಂದ ಈಜಿಪುರದ ತನಕ
ರಾಜಕಾಲುವೆಯ ಗೋಡೆಗೆ ಸ್ಕ್ರೂ ಬಿಗಿದು ಕೂರಿಸಿದ್ದು.
ಒಂದೊಂದರ ಹೊಟ್ಟೆಯಲ್ಲೂ ಎರಡು ಬ್ಯಾಟರಿ,
ಗೇಣುದ್ದದ ಆಂಟೆನಾ,
ನೀರಿನ ಕಡೆ ತಿರುಗಿಸಿದ ಒಂದು ಕಣ್ಣು.

ಹದಿನೈದು ನಿಮಿಷ ನಿದ್ದೆ. ಎದ್ದು ಪಕ್ಕದವರಿಗೆ ಕೂಗು:
ಇದ್ದೀಯಾ?
ಇದ್ದೀನಿ.
ನೀರೆಷ್ಟು?
ಮೊಣಕಾಲು.
ಮತ್ತೆ ನಿದ್ದೆ.
ಇಷ್ಟನ್ನು ಕಲಿಸುವುದಕ್ಕೆ ನನಗೆ ಹನ್ನೊಂದು ತಿಂಗಳು ಹಿಡಿಯಿತು.

ಕಾಗದದ ಮೇಲೆ ಎಲ್ಲರಿಗೂ ಎಲ್ಲರ ಮಾತು ಕೇಳಿಸುತ್ತಿತ್ತು.
ಕಾಲುವೆಗಿಳಿದ ಮೇಲೆ
ಹೊಂಗೆ ಚಿಗುರಿದರೆ ಐದಕ್ಕೆ ಕಿವುಡು,
ಕಸದ ಲಾರಿ ಅಡ್ಡ ನಿಂತರೆ ಆರಕ್ಕೆ ಮೂಗು ಕಟ್ಟಿದ ದನಿ,
ಮಳೆಯ ದಿನವಂತೂ, ಮಾತು ಬೇಕಾದ ದಿನವೇ,
ಎಲೆಎಲೆಯೂ ಒದ್ದೆ ಬಟ್ಟೆಯ ಹಾಗೆ ಶಬ್ದ ಕುಡಿಯುತ್ತದೆ.

ಹೂಳೆತ್ತುವ ಗ್ಯಾಂಗಿನ ಪಿಳ್ಳಪ್ಪ
ಗಂಬೂಟು ಕಳಚಿ, ಬೀಡಿ ಹಚ್ಚಿ ಕೇಳಿದ:
ಇವರಲ್ಲಿ ದೊಡ್ಡವರ್ಯಾರು?
ಯಾರೂ ಇಲ್ಲ.
ಮತ್ತೆ ಜಗಳ ಬಿಡಿಸೋರು?
ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರೂ ಸುಮ್ಮನಾಗ್ತಾರೆ,
ಅವರವರ ಲೆಕ್ಕದಲ್ಲಿ ಅಷ್ಟು ಹೊತ್ತು ಕಾಯ್ತಾರೆ,
ಆಮೇಲೆ ಒಬ್ಬೊಬ್ಬರೇ ಶುರುಮಾಡ್ತಾರೆ.
ನಮ್ಮನೇಲಿ ಇದು ನಡೆಯಲ್ಲ ಬಿಡಿ, ಅಂದ.

ಅವನ ತಾತ ಚಲ್ಲಘಟ್ಟದ ನೀರಗಂಟಿಯಂತೆ.
ಈಗ ಗಾಲ್ಫ್ ಆಡುವ ಹುಲ್ಲಿನ ಕೆಳಗಿದೆ ಆ ಕೆರೆ.
ಮೇಲಿನ ಕೆರೆ ತುಂಬಿದರೆ ಏರಿ ಮೇಲೆ ನಿಂತವನು
ಕೋಡಿ ಬಿತ್ತೋ, ಅನ್ನುವನು.
ಕೇಳಿಸಿಕೊಂಡವನು ತನ್ನ ಏರಿಯಿಂದ ಇನ್ನೊಂದು ಕೂಗು.
ಅರಮನೆಗೆ ಕೇಳಿಸಬೇಕಾಗಿರಲಿಲ್ಲ ಮೇಡಂ,
ಕೆಳಗಿನವನಿಗೆ ಕೇಳಿಸಿದ್ರೆ ಸಾಕಿತ್ತು.

ಸೆಪ್ಟೆಂಬರಿನಲ್ಲಿ ಒಂಬತ್ತು ಕಾಣೆಯಾಯಿತು.
ಗೋಡೆಯಲ್ಲಿ ನಾಲ್ಕು ತೂತು, ಅಷ್ಟೇ ಉಳಿದದ್ದು.
ನಾನು ಊರನ್ನೇ ಬೈದೆ. ಪಿಳ್ಳಪ್ಪ ಬೀಡಿ ಸೇದಿದ.
ರಾತ್ರಿ ಪರದೆ ತೆರೆದರೆ, ಒಂಬತ್ತು ಜೀವಂತ!
ದನಿ ಮೊದಲಿಗಿಂತ ಗಟ್ಟಿ,
ಎಂಟು, ಹತ್ತು ಇರಲಿ, ಹನ್ನೆರಡರ ಜೊತೆಗೂ ನೆಂಟಸ್ತನ ಬೆಳೆಸಿದೆ.
ಮಳೆಯ ಹನಿಯಿಲ್ಲದ ಬೆಳಗಿನಲ್ಲಿ
ನೀರು ಗೇಣು ಏರಿತು, ಗೇಣು ಇಳಿಯಿತು
ಎಂದು ನಿಷ್ಠೆಯಿಂದ ವರದಿ ಒಪ್ಪಿಸುತ್ತಿದೆ.

ಕೈಯಾಂಟೆನಾ ಹಿಡಿದು ಗಲ್ಲಿ ಗಲ್ಲಿ ತಿರುಗಿದೆವು.
ಮೂರು ಮಹಡಿ, ಕೈಪಿಡಿಯಿಲ್ಲದ ಮೆಟ್ಟಿಲು,
ತಾರಸಿಯಲ್ಲಿ ಪಾರಿವಾಳದ ಗೂಡು,
ಗೂಡಿನ ನೆತ್ತಿಗೆ ಹಳೆ ಲಂಗದ ಅಂಚಿನಿಂದ ಬಿಗಿದ ನಮ್ಮ ಡಬ್ಬಿ.
ಅದರ ಕಣ್ಣೆದುರು ಒಂದು ಬೂದು ಹಕ್ಕಿ
ಬರುವುದು, ಹೋಗುವುದು. ಏರುವ ನೀರು, ಇಳಿಯುವ ನೀರು.

ಸುಗುಣ, ಏಳನೇ ಕ್ಲಾಸು.
ಬೆಕ್ಕು ಬರ್ತಿತ್ತು ಅಕ್ಕಾ, ಈ ಕೆಂಪು ದೀಪ ಕಂಡ್ರೆ ಓಡತ್ತೆ.
ನಾಲ್ಕು ಸ್ಕ್ರೂಗಳನ್ನು ವಿಕ್ಸ್ ಡಬ್ಬಿಯಲ್ಲಿ ಜೋಪಾನ ಮಾಡಿದ್ದಳು,
ಕೊಟ್ಟಳು.

ನಾನು ನಕ್ಷೆಯಲ್ಲಿ ಹುಡುಕದ ಎತ್ತರ ಅದು.
ಕಾಲುವೆಯೊಳಗೇ ಕೂತು ಕಾಲುವೆಯನ್ನು ಯೋಚಿಸಿದ್ದೆ.
ನೀರು ನೋಡಲು ಗೋಡೆಗೆ ಹದಿನೈದನೆಯದನ್ನು ಕಟ್ಟಿದೆ.
ಒಂಬತ್ತಕ್ಕೆ ಇನ್ನು ಒಂದೇ ಕೆಲಸ: ಕೇಳು, ದಾಟಿಸು.

ಅಕ್ಟೋಬರಿನ ಒಂದು ರಾತ್ರಿ, ಎರಡೂ ನಲವತ್ತು.
ಮೂರು ಎದ್ದು ಕೂಗಿತು: ಎದೆಮಟ್ಟ.
ಎಂಟು ಮುಳುಗಿತ್ತು, ಉತ್ತರವಿಲ್ಲ.
ಏಳು ಸ್ವಲ್ಪ ಕಾದು, ತಲೆಯೆತ್ತಿ,
ತಾರಸಿಗೆ ಹೇಳಿತು.
ತಾರಸಿ ಹನ್ನೆರಡಕ್ಕೆ, ಹನ್ನೆರಡು ಸೈರನ್ನಿಗೆ.
ಶೀಟು ಮನೆಗಳ ಸಾಲಿನಲ್ಲಿ ಮಂಚದ ಮೇಲೆ ಮಂಚ ಏರಿದವು,
ಅಕ್ಕಿ ಚೀಲ, ಪುಸ್ತಕ, ಒಬ್ಬರ ಹೊಲಿಗೆ ಯಂತ್ರ.
ಎರಡನೇ ಅಡ್ಡರಸ್ತೆಗೆ ಸೈರನ್ ಕೇಳಿಸಲೇ ಇಲ್ಲ.
ಅದು ನನ್ನ ತಪ್ಪು, ಬರೆದಿಟ್ಟುಕೊಂಡಿದ್ದೇನೆ.

ಕೆಂಪು ದೀಪ ನನ್ನದೇ ಸೋಮಾರಿತನ,
ಪರೀಕ್ಷೆಗೆಂದು ಹಚ್ಚಿದ್ದು, ಆರಿಸಲು ಮರೆತದ್ದು.
ಆರಿಸಿದರೆ ಬ್ಯಾಟರಿ ಎರಡು ವರ್ಷ,
ಉರಿದರೆ ಎಂಟು ತಿಂಗಳು.
ಆರಿಸಿದೆ.
ವಾರದೊಳಗೆ ಫೋನು: ಅಕ್ಕಾ, ಬೂದುದು ಹೋಯ್ತು.

ಈಗ ದೀಪ ಉರಿಯುತ್ತಿದೆ.
ಎಂಟು ತಿಂಗಳಿಗೊಮ್ಮೆ ಮೂರು ಮಹಡಿ ಹತ್ತಬೇಕು.
ಬರುವಾಗ ಸಜ್ಜೆ ತನ್ನಿ ಅಂದಿದ್ದಾಳೆ.